ಕೇಳುವ ಪೆಟ್ಟಿಗೆ

ನಮ್ಮ ಹೆಡ್‌ಮಾಸ್ಟ್ರಿಗೆ ಎರಡು ವಿಷಯಗಳಲ್ಲಿ ಅಚಲ ನಂಬಿಕೆ ಇತ್ತು. ಮಕ್ಕಳು ತುಳು ಬಿಟ್ಟರೆ ಬುದ್ಧಿವಂತರಾಗುತ್ತಾರೆ ಎಂಬುದು ಒಂದು. ಶಾಲೆಗೆ ಒಂದು ಯಂತ್ರ ಬಂದರೆ ಟೀಚರುಗಳೂ ಬುದ್ಧಿವಂತರಾಗುತ್ತಾರೆ ಎಂಬುದು ಇನ್ನೊಂದು. ಈ ಎರಡು ನಂಬಿಕೆಗಳ ನಡುವೆ ಸಿಕ್ಕಿಕೊಂಡು ನಾನು ಪ್ರಾಯದ ಒಳ್ಳೆಯ ವರ್ಷಗಳನ್ನು ಕಳೆದೆ. ಈಗ ನೆನೆದರೆ ನಗು ಬರುತ್ತದೆ, ಸ್ವಲ್ಪ ಹೊಟ್ಟೆಯೂ ಉರಿಯುತ್ತದೆ.

ಶಾಲೆ ಇದ್ದದ್ದು ಉರ್ವದಿಂದ ಕುದ್ರೋಳಿಗೆ ಹೋಗುವ ದಾರಿಯಲ್ಲಿ. ಹೆಣ್ಣುಮಕ್ಕಳ ಹೈಸ್ಕೂಲು. ಆಡಳಿತ ಖಾಸಗಿಯವರದು, ಸಂಬಳ ಸರಕಾರದ ಅನುದಾನದ್ದು. ಪಣಂಬೂರಿನಲ್ಲಿ ಹೊಸ ಬಂದರು ಆಗಿ ಕೆಲವು ವರ್ಷ ಕಳೆದಿದ್ದ ಕಾಲ ಅದು. ಬೆಂಗ್ರೆಯ ಹುಡುಗಿಯರು ದೋಣಿ ದಾಟಿ ಬರುತ್ತಿದ್ದರು, ಕುದ್ರೋಳಿಯವರು ನಡೆದುಕೊಂಡು, ಉರ್ವದಾಚೆಯವರು ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡು. ಮನೆಯಲ್ಲಿ ಒಬ್ಬಳದು ತುಳು, ಒಬ್ಬಳದು ಬ್ಯಾರಿ, ಮತ್ತೊಬ್ಬಳದು ಕೊಂಕಣಿ. ಶಾಲೆಯ ಅಂಗಳದಲ್ಲಿ ಎಲ್ಲರದೂ ತುಳು. ಕನ್ನಡ ಇದ್ದದ್ದು ಪುಸ್ತಕದಲ್ಲಿ ಮತ್ತು ಹೆಡ್‌ಮಾಸ್ಟ್ರ ಬಾಯಿಯಲ್ಲಿ. ಹೆಡ್‌ಮಾಸ್ಟ್ರ ಮನೆಯಲ್ಲೂ ತುಳುವೇ, ಆ ಮಾತು ಬೇರೆ.

ನಾನು ಗಣಿತದ ಟೀಚರ್. ಹಾಗೆ ಹೇಳಿಕೊಳ್ಳಲು ಚಂದ, ನಿಜವಾಗಿ ನಾನು ತಾತ್ಕಾಲಿಕ. ಮಾರ್ಚ್ ಕೊನೆಗೆ ನನ್ನನ್ನು ಬಿಡುಗಡೆ ಮಾಡುತ್ತಿದ್ದರು, ಜೂನಿನಲ್ಲಿ ಮತ್ತೆ ಕರೆಯುತ್ತಿದ್ದರು. ಬಿಡುಗಡೆ ಎಂದರೆ ಜೈಲಿನಿಂದಲ್ಲ, ಅನ್ನದಿಂದ. ಮನೆಯಲ್ಲಿ ಅಮ್ಮ ಮತ್ತು ನಾನು. ಅಪ್ಪ ತೀರಿಹೋದ ಮೇಲೆ ಒಲೆ ಉರಿಯುತ್ತಿದ್ದದ್ದು ನನ್ನ ಸಂಬಳದಿಂದ. ಏಪ್ರಿಲ್-ಮೇ ತಿಂಗಳಲ್ಲಿ ಅಮ್ಮ ದೇವರಿಗೆ ಕೈಮುಗಿಯುವ ಹೊತ್ತು ಹೆಚ್ಚಾಗುತ್ತಿತ್ತು, ಗಂಜಿಯಲ್ಲಿ ತಿಳಿಯೂ ಹೆಚ್ಚಾಗುತ್ತಿತ್ತು. ಸರಕಾರಿ ಕೆಲಸಕ್ಕೆ ಅರ್ಜಿ ಹಾಕುವ ನನ್ನ ವಯಸ್ಸು ದಾಟುತ್ತಾ ಬಂದಿತ್ತು. ಉಳಿದದ್ದು ಒಂದೇ ದಾರಿ. ಆ ವರ್ಷ ಇಲಾಖೆಯ ಇನ್‌ಸ್ಪೆಕ್ಟರು ಬಂದು ಪಾಠ ನೋಡಿ, ಗಣಿತದ ಹುದ್ದೆಯನ್ನು ಕಾಯಂ ಮಾಡಿ ಸಹಿ ಹಾಕಬೇಕು. ಹಾಕಿದರೆ ನಾನು ಬದುಕಿದೆ, ಇಲ್ಲವಾದರೆ ಆ ಜೂನ್ ನನ್ನ ಪಾಲಿಗೆ ಬರುವುದಿಲ್ಲ.

ಮೊದಲು ಹಲಗೆಯ ವಿಷಯ ಹೇಳಬೇಕು. ಅಂಗೈಯಷ್ಟು ಅಗಲದ ಒಂದು ಮರದ ಹಲಗೆ, ಅದಕ್ಕೆ ತೂತು ಕೊರೆದು ಒಂದು ಹುರಿ. ಬೆಳಗ್ಗೆ ಯಾವ ಹುಡುಗಿ ತುಳು ಮಾತಾಡಿ ಸಿಕ್ಕಿಬೀಳುತ್ತಾಳೋ ಅವಳ ಕೊರಳಿಗೆ ಅದು. ಅವಳು ಕಿವಿ ನಿಮಿರಿಸಿಕೊಂಡು ತಿರುಗಿ, ತುಳು ಮಾತಾಡುವ ಇನ್ನೊಬ್ಬಳನ್ನು ಹಿಡಿದು ಅವಳ ಕೊರಳಿಗೆ ದಾಟಿಸಬೇಕು. ಸಂಜೆಯ ಗಂಟೆ ಹೊಡೆಯುವಾಗ ಹಲಗೆ ಯಾರ ಕೊರಳಲ್ಲಿ ಉಂಟೋ ಅವಳು ಜಗಲಿಯಲ್ಲಿ ಮೊಣಕಾಲೂರಬೇಕು. ಬ್ಯಾರಿ, ಕೊಂಕಣಿ ಮಾತಾಡಿದರೂ ಅದೇ ಹಲಗೆ. ಹೆಡ್‌ಮಾಸ್ಟ್ರು ಇದನ್ನು ಭಾಷಾಭಿವೃದ್ಧಿ ಎಂದು ಕರೆಯುತ್ತಿದ್ದರು. ಮಕ್ಕಳ ಕನ್ನಡ ಇದರಿಂದ ಕೂದಲೆಳೆಯಷ್ಟೂ ಬೆಳೆಯಲಿಲ್ಲ. ಬೆಳೆದದ್ದು ಗೆಳತಿಯ ಬೆನ್ನ ಹಿಂದೆ ನಿಂತು ಕದ್ದು ಕೇಳುವ ಚಾಳಿ.

ನಾನು ಗಣಿತ ಕಲಿಸುತ್ತಿದ್ದದ್ದು ತುಳುವಿನಲ್ಲಿ. ಸಮೀಕರಣ ಬಿಡಿಸುವಾಗ ಪುಸ್ತಕದಲ್ಲಿ 'ಅವ್ಯಕ್ತ ರಾಶಿ' ಎಂದಿತ್ತು. ಆ ಶಬ್ದ ಹೇಳಿದ ಕೂಡಲೇ ಬೆಂಗ್ರೆಯ ಹುಡುಗಿಯರ ಕಣ್ಣು ಆಚೆ ದಡಕ್ಕೆ ಹೋಗಿಬಿಡುತ್ತಿತ್ತು. ಒಂದು ದಿನ ನಾನು ಬಾಗಿಲು ಅರ್ಧ ಮುಚ್ಚಿ ತುಳುವಿನಲ್ಲಿ ಕೇಳಿದೆ, ನಿಮ್ಮ ಅಮ್ಮಂದಿರು ಮನೆಯ ಯಜಮಾನರ ಹೆಸರು ಹೇಳುತ್ತಾರಾ ಎಂದು. ಇಲ್ಲ ಟೀಚರ್, ‘ಆರ್’ ಅಂತಾರೆ, 'ಅವರು' ಅಂತ, ಎಂದರು. ಆ 'ಆರ್' ಯಾರು ಎಂದು ನೆರೆಮನೆಯವರಿಗೆ ಗೊತ್ತಾಗುವುದಿಲ್ಲವಾ ಎಂದೆ. ಎಲ್ಲರಿಗೂ ಗೊತ್ತುಂಟು ಎಂದರು. ಹಾಗಾದರೆ ಎಕ್ಸ್ ಎಂದರೆ ಅದೇ, ಹೆಸರು ಹೇಳುವುದಿಲ್ಲ, ಆದರೆ ಸುತ್ತಮುತ್ತ ಇರುವವರನ್ನು ನೋಡಿ ಯಾರೆಂದು ಹೇಳಬಹುದು ಎಂದೆ. ಆ ದಿನದಿಂದ ಇಡೀ ತರಗತಿ ಸಮೀಕರಣಗಳನ್ನು ಕಡಲೆ ತಿಂದ ಹಾಗೆ ಬಿಡಿಸತೊಡಗಿತು.

ಹೆಡ್‌ಮಾಸ್ಟ್ರ ಭಯ ಇರಲಿಲ್ಲವಾ ಎಂದರೆ, ಇತ್ತು. ಆದರೆ ಅವರ ಬೂಟು ಕಿರಿಕಿರಿ ಎನ್ನುತ್ತಾ ಅವರಿಗಿಂತ ಬಹಳ ಮೊದಲೇ ಬರುತ್ತಿತ್ತು. ಅವರು ಬಾಗಿಲಿಗೆ ಬರುವಷ್ಟರಲ್ಲಿ ನಾನು ಅವ್ಯಕ್ತ ರಾಶಿಗೆ ಹಿಂತಿರುಗಿರುತ್ತಿದ್ದೆ. ಆ ಬೂಟನ್ನು ಮಾಡಿದ ಪುಣ್ಯಾತ್ಮನಿಗೆ ನಾನು ಎಷ್ಟು ಸಲ ಒಳ್ಳೆಯದಾಗಲಿ ಎಂದುಕೊಂಡಿದ್ದೇನೋ.

ಹೀಗಿರುವಾಗ ಯಂತ್ರ ಬಂತು.

ಶಾಲೆಯ ಸಂಚಾಲಕರಿಗೆ ಪೇಟೆಯಲ್ಲಿ ಒಂದು ವಸತಿ ಹೋಟೆಲಿತ್ತು. ಹಿಂದೆ ಗದ್ದೆ-ಗೇಣಿಯ ಮನೆತನ; ಗದ್ದೆಗಳು ಉಳುವವರ ಕೈಗೆ ಹೋದ ಮೇಲೆ ಹೋಟೆಲು ಹಿಡಿದವರು. ಅವರ ಹೋಟೆಲಿನಲ್ಲಿ ಮ್ಯಾನೇಜರು ಕೂತಲ್ಲಿಂದಲೇ ಪ್ರತಿ ಮಹಡಿಗೆ, ಅಡುಗೆಮನೆಗೆ ಮಾತಾಡುವ ಒಂದು ಮೈಕ್ ಸೆಟ್ಟಿತ್ತು. ಕೋಣೆಗಳಿಗೆಲ್ಲ ಟೆಲಿಫೋನ್ ಬಂದಾಗ ಆ ಹಳೇ ಸೆಟ್ಟನ್ನು ಏನು ಮಾಡುವುದೆಂದು ಯೋಚಿಸಿ, ಗುಜರಿಯವನು ಸರಿಯಾದ ಬೆಲೆ ಹೇಳದ ಕಾರಣ, ವಿದ್ಯಾದಾನ ಮಾಡಿದರು. ಹಾರ ಹಾಕಿಸಿಕೊಂಡು, ತೆಂಗಿನಕಾಯಿ ಒಡೆಸಿಕೊಂಡು ಭಾಷಣವನ್ನೂ ಮಾಡಿದರು. ಆಧುನಿಕ ಶಿಕ್ಷಣ ಎಂಬ ಮಾತು ಅದರಲ್ಲಿ ಬಹಳ ಸಲ ಬಂತು.

ಹೆಡ್‌ಮಾಸ್ಟ್ರ ಕೋಣೆಯಲ್ಲಿ ದೊಡ್ಡ ಯಂತ್ರ, ಪ್ರತಿ ತರಗತಿಯ ಕರಿಹಲಗೆಯ ಮೇಲೆ ಬಟ್ಟೆ ಹೊದೆಸಿದ ಒಂದೊಂದು ಮರದ ಪೆಟ್ಟಿಗೆ. ಯಂತ್ರದಲ್ಲಿ ಸಾಲಾಗಿ ಗುಂಡಿಗಳು. ಗುಂಡಿಗಳ ಕೆಳಗಿನ ಹೋಟೆಲಿನ ಚೀಟಿಗಳನ್ನು ಯಾರೂ ಕೀಳಲಿಲ್ಲ, ಹಾಗಾಗಿ ಎಂಟನೇ ತರಗತಿ 'ರಿಸೆಪ್ಶನ್' ಆಗಿತ್ತು, ಒಂಬತ್ತು 'ಲಾಂಡ್ರಿ' ಆಗಿತ್ತು, ನನ್ನ ಹತ್ತನೇ ತರಗತಿ 'ಕಿಚನ್' ಆಗಿತ್ತು. ಪಕ್ಕದಲ್ಲಿ ಒಂದು ಹಿಡಿ. ಅದನ್ನು ಮೇಲೆ ಮಾಡಿದರೆ ಹೆಡ್‌ಮಾಸ್ಟ್ರ ಮಾತು ತರಗತಿಗೆ ಕೇಳುತ್ತದೆ. ನಡುವೆ ನಿಲ್ಲಿಸಿದರೆ ಬಂದ್. ಕೆಳಗೆ ಮಾಡಿದರೆ, ಇದೇ ವಿದ್ಯೆಯ ತುತ್ತತುದಿ, ತರಗತಿಯ ಮಾತೆಲ್ಲ ಹೆಡ್‌ಮಾಸ್ಟ್ರಿಗೆ ಕೇಳುತ್ತದೆ. ಇನ್ನು ಮೇಲೆ ಅವರು ಬೂಟು ಸವೆಸಬೇಕಾಗಿಲ್ಲ.

ನಮಗೆಲ್ಲ ಒಂದು ಶನಿವಾರ ಮಧ್ಯಾಹ್ನ ತರಬೇತಿ. ಯಂತ್ರವನ್ನು ಮುಟ್ಟುವ ಅಧಿಕಾರ ಹೆಡ್‌ಮಾಸ್ಟ್ರಿಗೆ ಮಾತ್ರ ಇದ್ದುದರಿಂದ ನಾವು ಕಲಿಯಬೇಕಾದದ್ದು ಕೇಳಿಸಿಕೊಳ್ಳುವುದು ಹೇಗೆ ಎಂಬುದನ್ನು. ಪಾಠ ಮಾಡುವಾಗ ಪೆಟ್ಟಿಗೆಯ ಕಡೆಗೆ ಮುಖ ಮಾಡಬೇಕು, ಶಬ್ದಗಳನ್ನು ಬಿಡಿಸಿ ಬಿಡಿಸಿ ಹೇಳಬೇಕು, ಪೆಟ್ಟಿಗೆ ನಮ್ಮ ಹೆಸರು ಕರೆದರೆ 'ಹೌದು ಸರ್' ಎಂದು ಗಟ್ಟಿಯಾಗಿ ಹೇಳಬೇಕು. ಪೆಟ್ಟಿಗೆ ಕರಿಹಲಗೆಯ ಮೇಲಿದ್ದುದರಿಂದ ಅದಕ್ಕೆ ಮುಖ ಮಾಡಿದರೆ ಮಕ್ಕಳಿಗೆ ಬೆನ್ನು ಮಾಡಬೇಕಾಗುತ್ತದಲ್ಲ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ತಾತ್ಕಾಲಿಕದವರ ಬಾಯಿಗೆ ಬೀಗ ಇರುತ್ತದೆ.

ಆಮೇಲಿನ ದಿನಗಳ ಚಂದ ನೋಡಬೇಕಿತ್ತು. ಹಿಂದಿ ಟೀಚರ್ ಪೆಟ್ಟಿಗೆ ಕರೆದಾಗಲೆಲ್ಲ ಸೆರಗು ಸರಿಮಾಡಿಕೊಂಡು ಅದಕ್ಕೆ ನಮಸ್ಕಾರ ಮಾಡುತ್ತಿದ್ದರು. ಸಮಾಜದ ಮಾಸ್ಟ್ರು ಅದರ ಕಡೆಗೆ ಕತ್ತೆತ್ತಿ ಎತ್ತಿ ಕುತ್ತಿಗೆ ಹಿಡಿದು, ವಾರವಿಡೀ ಎಣ್ಣೆ ತಿಕ್ಕಿಸಿಕೊಂಡರು. ಹೆಡ್‌ಮಾಸ್ಟ್ರು ಹಿಡಿ ಮೇಲೆ ಮಾಡಿದ್ದು ಮರೆತು ಎಲೆಯಡಿಕೆ ಜಗಿಯುವುದು, ಕ್ಯಾಕರಿಸುವುದು, ಚಾ ಆರಿಸಿ ಸುರ್ರೆಂದು ಹೀರುವುದು ಎಲ್ಲ ಶಾಲೆಗೆಲ್ಲ ಕೇಳುತ್ತಿತ್ತು. ಹಿಡಿಯನ್ನು ನಡುವೆ ನಿಲ್ಲಿಸುವ ವಿದ್ಯೆ ಅವರ ಕೈಗೆ ಕೊನೆಗೂ ಹತ್ತಲಿಲ್ಲ. ಜಾಸ್ತಿ ದೂಡಿಬಿಡುತ್ತಿದ್ದರು. ಅವರಿಗೆ ಅದನ್ನು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ನನ್ನ ಸ್ಥಿತಿ ಮಾತ್ರ ನಗುವ ಹಾಗಿರಲಿಲ್ಲ. ಪೆಟ್ಟಿಗೆಗೆ ಬೂಟಿಲ್ಲ. ಯಾವಾಗ ಕೇಳುತ್ತದೋ ಗೊತ್ತಿಲ್ಲ. ಹೆದರಿ ನಾನು ಪುಸ್ತಕದ ಕನ್ನಡದಲ್ಲೇ ಪಾಠ ಮಾಡತೊಡಗಿದೆ. ಹದಿನೈದು ದಿನಕ್ಕೆ ಎಕ್ಸ್ ಮತ್ತೆ ಅವ್ಯಕ್ತವಾಯಿತು. ಕಿರುಪರೀಕ್ಷೆಯಲ್ಲಿ ಅರ್ಧ ತರಗತಿ ಮುಳುಗಿತು. ಹೆಡ್‌ಮಾಸ್ಟ್ರು ನನ್ನನ್ನು ಕರೆದು, ಇಷ್ಟು ಒಳ್ಳೆಯ ಯಂತ್ರ ಕೊಟ್ಟರೂ ನಿಮ್ಮ ಫಲಿತಾಂಶ ಇಳಿದದ್ದು ಹೇಗೆ ಎಂದು ಗದರಿದರು. ನಾನು ತಲೆ ತಗ್ಗಿಸಿ ನಿಂತೆ.

ಆಮೇಲೆ ಪೆಟ್ಟಿಗೆಯನ್ನು ಕಲಿಯಲು ಕೂತೆ. ಅದರ ಮೇಲೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು, ಕಿವಿಯಲ್ಲೂ ಬಿಟ್ಟುಕೊಂಡು ಕೂತೆ. ಸಿಕ್ಕಿತು. ಹೆಡ್‌ಮಾಸ್ಟ್ರು ಹಿಡಿ ಕೆಳಗೆ ಮಾಡಿದಾಗ ಪೆಟ್ಟಿಗೆಯೊಳಗೆ ಒಂದು ಸಣ್ಣ 'ಟಕ್', ಹಿಂದೆಯೇ ಬೆಲ್ಲಕ್ಕೆ ನೊಣ ಕೂತ ಹಾಗೆ ಒಂದು ಝೇಂಕಾರ. ಕೇಳುವುದು ನಿಲ್ಲಿಸಿದರೆ ಝೇಂಕಾರವೂ ನಿಲ್ಲುತ್ತದೆ. ಇದನ್ನು ಮಕ್ಕಳಿಗೆ ನಾನು ಹೇಳಿಕೊಡಬೇಕಾಗಲಿಲ್ಲ. ಕೊರಳಿಗೆ ಹಲಗೆ ಹಾಕಿಸಿಕೊಂಡು ಬೆಳೆದ ಕಿವಿಗಳಲ್ಲವಾ! ಮರುದಿನದಿಂದ ನಮ್ಮ ತರಗತಿಯಲ್ಲಿ ಎರಡು ಪಾಠ. ಪೆಟ್ಟಿಗೆ ಮಲಗಿದ್ದಾಗ ತುಳುವಿನಲ್ಲಿ ಗಣಿತ. ಝೇಂಕರಿಸಿದ ಕೂಡಲೇ, ವಾಕ್ಯದ ನಡುವೆಯೇ, ಶುದ್ಧ ಕನ್ನಡದಲ್ಲಿ ನಾಟಕ. ಹುಡುಗಿಯರು 'ಅರ್ಥವಾಯಿತು ಗುರುಗಳೇ' ಎಂದು ಒಂದೇ ಸ್ವರದಲ್ಲಿ ಹೇಳುವಾಗ ಪ್ರಾರ್ಥನೆಯ ಹಾಗೆ ಕೇಳುತ್ತಿತ್ತು. ಹೆಡ್‌ಮಾಸ್ಟ್ರು ಸಭೆಯಲ್ಲಿ ನನ್ನನ್ನು ಹೊಗಳಿದರು. ಯಂತ್ರದಿಂದ ಸುಧಾರಿಸಿದವರಲ್ಲಿ ನಾನು ಮೊದಲಿಗಳಂತೆ.

ಇನ್‌ಸ್ಪೆಕ್ಟರು ಬಂದದ್ದು ಮಳೆ ನಿಂತು ಚಳಿ ಇನ್ನೂ ಬಾರದ ದಿನಗಳಲ್ಲಿ. ಧಾರವಾಡದ ಕಡೆಯವರು, ಈ ಊರಿಗೆ ವರ್ಗವಾಗಿ ಬಂದು ಸ್ವಲ್ಪವೇ ದಿನ ಆಗಿತ್ತಂತೆ. ಬೆಳಗ್ಗೆ ನಾನು ಅಮ್ಮನ ಕಾಲಿಗೆ ಬಿದ್ದು ಬಂದಿದ್ದೆ. ಅಮ್ಮ ನನ್ನ ಇಸ್ತ್ರಿ ಹಾಕಿದ ಸೀರೆಯ ನೆರಿಗೆಯನ್ನು ಒಮ್ಮೆ ಸರಿಮಾಡಿದಳು, ಅಷ್ಟೇ. ಜೀವ ಕೈಯಲ್ಲಿ ಹಿಡಿದುಕೊಂಡು ತರಗತಿಯಲ್ಲಿ ನಿಂತಿದ್ದೆ, ಇನ್‌ಸ್ಪೆಕ್ಟರು ಈಗ ಒಳಗೆ ಬರುತ್ತಾರೆ, ಆಗ ಬರುತ್ತಾರೆ ಎಂದು.

ಅವರನ್ನು ತರಗತಿಗೆ ಕಾಲಿಡಲು ಹೆಡ್‌ಮಾಸ್ಟ್ರು ಬಿಟ್ಟರೆ ತಾನೆ! ಯಂತ್ರ ಇರುವಾಗ ನಡೆಯುವುದುಂಟಾ? ಮೊದಲು ಎಲ್ಲ ತರಗತಿಗೂ ಒಮ್ಮೆಗೇ ಮಾತಾಡುವ ಗುಂಡಿ ಒತ್ತಿ ಇನ್‌ಸ್ಪೆಕ್ಟರ ಬಾಯಿಂದ ಶಾಲೆಗೆಲ್ಲ ನಮಸ್ಕಾರ ಹೇಳಿಸಿದರು. ಆಮೇಲೆ ಹಿಡಿ ಕೆಳಗೆ ಮಾಡಿ 'ಕಿಚನ್' ಗುಂಡಿ ಒತ್ತಿದರು. ನಮ್ಮ ಪೆಟ್ಟಿಗೆ ಟಕ್ ಎಂದಿತು, ಝೇಂಕರಿಸಿತು. ನಾನು ಪೆಟ್ಟಿಗೆಗೆ ಮುಖ ಮಾಡಿ ಜೀವಮಾನದಲ್ಲೇ ಅತ್ಯಂತ ಚಂದದ ಕನ್ನಡದಲ್ಲಿ ಅವ್ಯಕ್ತ ರಾಶಿಯನ್ನು ವ್ಯಕ್ತಪಡಿಸಿದೆ. ಹುಡುಗಿಯರು 'ಅರ್ಥವಾಯಿತು ಗುರುಗಳೇ' ಎಂದರು. ಝೇಂಕಾರ ನಿಂತಿತು. ನಾನು ಕುರ್ಚಿಯಲ್ಲಿ ಕುಸಿದು ಬೆವರು ಒರೆಸಿಕೊಂಡೆ.

ಹೆಡ್‌ಮಾಸ್ಟ್ರು ಹಿಡಿಯನ್ನು ನಡುವೆ ನಿಲ್ಲಿಸಲು ಹೋಗಿ, ಎಂದಿನ ಹಾಗೆ, ಮೇಲೆ ದೂಡಿದ್ದರು. ಶಾಲೆಗೆಲ್ಲ ಮಾತಾಡುವ ಗುಂಡಿ ಒತ್ತಿದ್ದು ಒತ್ತಿದ ಹಾಗೇ ಇತ್ತು. ಪೆಟ್ಟಿಗೆಯಿಂದ ಇನ್‌ಸ್ಪೆಕ್ಟರ ಸ್ವರ ಬಂತು, ಈ ಬಾಯಾರ ಪಾಠ ಭಾಳ ಚಂದ ಐತಿ, ಇವರ ಹುದ್ದೆ ಕಾಯಂ ಮಾಡಾಕ ನಂದೇನೂ ಅಡ್ಡಿ ಇಲ್ಲ ಎಂದು. ಬಾಯಾರು ಎಂದರೆ ಅವರ ಕಡೆ ಟೀಚರಮ್ಮ. ಮುಂದಿನ ಬೆಂಚಿನ ಹುಡುಗಿಯರು ನನ್ನನ್ನು ನೋಡಿ ನಕ್ಕರು. ನನ್ನ ಕಣ್ಣು ತುಂಬಿತು. ಆ ಒಂದು ಗಳಿಗೆ ನಾನು ಎಷ್ಟು ಸುಖವಾಗಿದ್ದೆ ಎಂದು ಹೇಳಲಾರೆ.

ಕೋಣೆಯಲ್ಲಿ ಸಂಚಾಲಕರೂ ಕೂತಿದ್ದರು. ಹೆಡ್‌ಮಾಸ್ಟ್ರು ಅವರ ಕಡೆ ತಿರುಗಿ ತುಳುವಿನಲ್ಲಿ ಮಾತು ಶುರು ಮಾಡಿದರು. ನಮ್ಮ ಊರಿನವರ ಹಳೇ ಅಭ್ಯಾಸ ಇದು. ಘಟ್ಟದ ಮೇಲಿನವರು ಎದುರು ಕೂತಿದ್ದರೆ ಬಾಗಿಲು ಮುಚ್ಚಬೇಕಾಗಿಲ್ಲ, ಕಿವಿಯಲ್ಲಿ ಪಿಸುಗುಟ್ಟಬೇಕಾಗಿಲ್ಲ, ತುಳುವಿಗೆ ಹೊರಳಿದರಾಯಿತು. ಗುಟ್ಟೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಇಬ್ಬರೂ ನಗುನಗುತ್ತಾ, ಹವಾಮಾನದ ಬಗ್ಗೆ ಮಾತಾಡುವ ಸ್ವರದಲ್ಲಿ, ನನ್ನ ಹುದ್ದೆಯನ್ನು ಸಂಚಾಲಕರ ಸೋದರಳಿಯನಿಗೆ ಕೊಡುವ ವಿಷಯ ಮಾತಾಡಿಕೊಂಡರು. ಆ ಕೋಣೆಯಲ್ಲಿ ತುಳು ಬಾರದವರು ಒಬ್ಬರೇ. ಪೆಟ್ಟಿಗೆಗಳ ಕೆಳಗೆ ಕೂತ ಶಾಲೆಗೆ ಶಾಲೆಯೇ ತುಳು ಬಲ್ಲದು.

ಈಕೆ ಗಲಾಟೆ ಮಾಡಿದರೆ ಎಂದು ಸಂಚಾಲಕರು ಕೇಳಿದ್ದು ಕೇಳಿತು. ಹೆಡ್‌ಮಾಸ್ಟ್ರು ಎಲೆಯಡಿಕೆ ಒಂದು ಬದಿಗೆ ಸರಿಸಿ ಹೇಳಿದರು:

“ಆಳ್ ಬುಲಿತೊಂದು ಪೋಪಲ್.”

ಅತ್ತುಕೊಂಡು ಹೋಗ್ತಾಳೆ ಎಂದು. ಶಾಲೆಯಲ್ಲಿ ಒಂದು ಸೂಜಿ ಬಿದ್ದರೂ ಕೇಳುವ ಹಾಗಾಯಿತು. ಆ ಮೌನವನ್ನೂ ಹೆಡ್‌ಮಾಸ್ಟ್ರು ಬಿಡಲಿಲ್ಲ. ಕನ್ನಡಕ್ಕೆ ಹೊರಳಿ, ನೋಡಿ ಸರ್, ನಮ್ಮಲ್ಲಿ ಎಂಥ ಶಿಸ್ತು ಉಂಟು ಎಂದು ಇನ್‌ಸ್ಪೆಕ್ಟರಿಗೆ ತೋರಿಸಿದರು.

ನಿಜ ಹೇಳಬೇಕೆಂದರೆ ನಾನು ಅಳುವುದರಲ್ಲೇ ಇದ್ದೆ. ಹೆಡ್‌ಮಾಸ್ಟ್ರಿಗೆ ನನ್ನ ಬಗ್ಗೆ ಅಷ್ಟು ಚೆನ್ನಾಗಿ ಗೊತ್ತಿದೆಯಲ್ಲ ಎಂಬ ಸಿಟ್ಟಿಗೆ ಅಳು ನಿಂತಿತು. ಹುಡುಗಿಯರು ತಲೆ ತಗ್ಗಿಸಿ ಕೂತಿದ್ದರು. ಆಗ ಪೆಟ್ಟಿಗೆಯಲ್ಲಿ ಇನ್‌ಸ್ಪೆಕ್ಟರು, ಹುಡ್ಗ್ಯಾರ ಬಾಯಿಂದನೂ ಒಂದೀಟು ಕೇಳೋಣ್ರಿ ಎಂದದ್ದು ಕೇಳಿತು. ಅದಕ್ಕೇನು ಸರ್ ಎಂದರು ಹೆಡ್‌ಮಾಸ್ಟ್ರು. ಟಕ್. ಝೇಂಕಾರ.

ಆ ಯಂತ್ರ ಯಾವುದಕ್ಕೆ ಉಪಯೋಗ ಎಂದು ನನಗೆ ಹೊಳೆದದ್ದು ಆವಾಗ. ಎದ್ದು ನಿಂತೆ. ಮೊದಲ ಸಲ ಪೆಟ್ಟಿಗೆಗೆ ಬೆನ್ನು ಮಾಡಿ, ಮಕ್ಕಳಿಗೆ ಮುಖ ಮಾಡಿ ನಿಂತೆ.

“ಗಣಿತ ಸಾಕು. ಈಗ ಭಾಷಾಂತರ,” ಎಂದೆ, ಬಿಡಿಸಿ ಬಿಡಿಸಿ, ತರಬೇತಿಯಲ್ಲಿ ಕಲಿಸಿದ ಹಾಗೆ. “ಈಗಷ್ಟೇ ತುಳುವಿನಲ್ಲಿ ಕೆಲವು ವಾಕ್ಯಗಳನ್ನು ಕೇಳಿದ್ದೀರಿ. ಒಬ್ಬೊಬ್ಬರೇ ಎದ್ದು ನಿಂತು ಅವನ್ನು ಕನ್ನಡದಲ್ಲಿ ಹೇಳಿ.”

ಮೊದಲು ಬೆಂಗ್ರೆಯ ಒಬ್ಬಳು ಎದ್ದಳು. ಮನೆಯಲ್ಲಿ ಬಲೆ ಹೆಣೆಯುವವರ ಮಗಳು, ಮೊಣಕಾಲಲ್ಲಿ ಜಗಲಿಯ ಮರಳು ಒತ್ತಿದ ಗುರುತು ಅಳಿಯದವಳು. “ಸಹಿ ಹಾಕಿ ಹೋಗಲಿ. ಸಹಿ ಹುದ್ದೆಗೆ ಮಾತ್ರ. ಹೆಸರು ನಾವು ಆಮೇಲೆ ಬರೆಯುವ.” ಕೂತಳು. ಕುದ್ರೋಳಿಯ ಬ್ಯಾರಿ ಹುಡುಗಿ ಎದ್ದಳು. “ನನ್ನ ತಂಗಿಯ ಮಗನ ಬಿ.ಎಡ್. ಮಾರ್ಚಿಗೆ ಮುಗಿಯುತ್ತದೆ.” ಮೂರನೆಯವಳು, “ಈಕೆಯನ್ನು ಮಾರ್ಚಿನಲ್ಲಿ ಯಾವಾಗಲೂ ಬಿಡುವ ಹಾಗೆ ಬಿಡುವುದು. ಜೂನಿಗೆ ಕರೆಯದಿದ್ದರಾಯಿತು.”

ಇಷ್ಟರಲ್ಲಿ ಹಿಡಿಯನ್ನು ಯಾರಾದರೂ ಮೇಲೆ ಮಾಡಬೇಕಿತ್ತು. ಮಾಡಲಿಲ್ಲ. ಇನ್‌ಸ್ಪೆಕ್ಟರು ಅದರ ಮೇಲೆ ಕೈಯಿಟ್ಟು ಕೂತಿದ್ದರಂತೆ. ಚಾ ಒಯ್ದಿದ್ದ ಜವಾನ ಆಮೇಲೆ ಹೇಳಿದ.

ನಾಲ್ಕನೆಯವಳು ಎದ್ದು ತಡವರಿಸಿದಳು. ಅವಳ ಪಾಲಿಗೆ ಬಂದದ್ದು ಇನ್‌ಸ್ಪೆಕ್ಟರ ಬಗೆಗಿನ ವಾಕ್ಯ. ಟೀಚರ್, ಅವರು ಏಕವಚನದಲ್ಲಿ ಹೇಳಿದ್ದು, ನಾನು ಎಂತ ಮಾಡುವುದು ಎಂದು ಕೇಳಿದಳು. ಇದ್ದದ್ದು ಇದ್ದ ಹಾಗೆ ಹೇಳು ಎಂದೆ. “ಅವನಿಗೆ ಎಂತದೂ ಗೊತ್ತಾಗುವುದಿಲ್ಲ. ಮಧ್ಯಾಹ್ನ ಹೋಟೆಲಿಗೆ ಕರೆದು ಹೊಟ್ಟೆ ತುಂಬ ಹಾಕಿದರೆ ಕಣ್ಣು ಮುಚ್ಚಿ ಸಹಿ ಹಾಕುತ್ತಾನೆ.”

ಉಳಿದದ್ದು ಒಂದೇ ವಾಕ್ಯ. ಅದನ್ನು ಹೇಳಲು ಯಾರೂ ಏಳಲಿಲ್ಲ. ನಾನು ಕಾದೆ. ಕೊನೆಗೆ ಹಿಂದಿನ ಬೆಂಚಿನಿಂದ, ಇಡೀ ವರ್ಷ ಬಾಯಿ ಬಿಡದ ಒಬ್ಬಳು ಎದ್ದಳು.

“ಅವಳು ಅತ್ತುಕೊಂಡು ಹೋಗುತ್ತಾಳೆ.”

“ಅವಳು ಅಂದರೆ ಯಾರು?”

“ನೀವು, ಟೀಚರ್.” ಹೇಳಿ ಅವಳೇ ಅತ್ತುಬಿಟ್ಟಳು.

ಝೇಂಕಾರ ನಿಂತಿತು. ಟಕ್ ಎಂದಿತು. ಪೆಟ್ಟಿಗೆಯಲ್ಲಿ ಯಾರದೋ ಉಸಿರು, ಆಮೇಲೆ ಇನ್‌ಸ್ಪೆಕ್ಟರ ನಿಧಾನವಾದ ಸ್ವರ, ಶಾಲೆಗೆಲ್ಲ ಕೇಳುವ ಹಾಗೆ.

“ಭಾಷಾಂತರ ಭಾಳ ಛಲೋ ಆತ್ರಿ, ಬಾಯಾರ. ಮೂಲ ಯಾರದ್ರಿ?”

ಹಿಡಿ ಮೇಲಿತ್ತಲ್ಲ, ನಾವು ಉತ್ತರ ಹೇಳಿದರೂ ಅವರಿಗೆ ಕೇಳುತ್ತಿರಲಿಲ್ಲ. ಅವರು ಕೇಳಿದ್ದೂ ನಮ್ಮನ್ನಲ್ಲ. ನನ್ನ ಹೆಸರು ಬರೆಸಿದ ಮೇಲೆಯೇ ಸಹಿ ಹಾಕಿ, ಹೋಟೆಲಿನ ಊಟಕ್ಕೆ ನಿಲ್ಲದೆ, ಕೊಡೆ ಹಿಡಿದುಕೊಂಡು ಬಸ್ಸಿಗೆ ನಡೆದರು. ಜೂನ್ ಬಂತು, ನಾನೂ ಬಂದೆ, ನಿವೃತ್ತಿಯಾಗುವವರೆಗೆ ಅದೇ ಶಾಲೆಯಲ್ಲಿ ತುಳುವಿನಲ್ಲಿ ಗಣಿತ ಕಲಿಸಿದೆ. ಯಂತ್ರ ರಿಪೇರಿಗೆಂದು ಹೋದದ್ದು ಹಿಂದಿರುಗಲಿಲ್ಲ. ಖಾಲಿ ಪೆಟ್ಟಿಗೆಗಳಲ್ಲಿ ಗುಬ್ಬಿ ಗೂಡು ಕಟ್ಟಿದವು.

ಆ ದಿನ ಹಲಗೆ ಒಂಬತ್ತನೇ ತರಗತಿಯ ಒಬ್ಬಳ ಕೊರಳಲ್ಲಿತ್ತು. ಸಂಜೆಯ ಗಂಟೆಗೆ ಮೊದಲು ಅವಳು ಅದನ್ನು ತೆಗೆದು, ನೇರ ಹೆಡ್‌ಮಾಸ್ಟ್ರ ಕೋಣೆಗೆ ಹೋಗಿ, ಮೇಜಿನ ಮೇಲೆ ಅವರ ಎದುರಿಗೇ ಇಟ್ಟು ಬಂದಳು. ನಿಯಮ ಅವರೇ ಮಾಡಿದ್ದು, ಆ ದಿನ ತುಳು ಮಾತಾಡಿ ಸಿಕ್ಕಿಬಿದ್ದವರೂ ಅವರೇ. ಗಂಟೆ ಹೊಡೆಯಿತು. ಜಗಲಿಯಲ್ಲಿ ಶಾಲೆಗೆ ಶಾಲೆಯೇ ಮನೆಗೆ ಹೋಗದೆ ನಿಂತಿತು. ಹೆಡ್‌ಮಾಸ್ಟ್ರು ಹೊರಗೆ ಬಂದು ಮೊಣಕಾಲೂರಲಿಲ್ಲ. ಅಷ್ಟು ದೊಡ್ಡ ಆಸೆ ನಮಗೂ ಇರಲಿಲ್ಲ. ಆದರೆ ನಾವು ಕಾದೆವು.